ಎಡಗೈ ಎತ್ತಿದವಳು

ಪಾನ್ ಅಣ್ಣನ ಅಂಗಡಿಯಲ್ಲಿ ಬಿಸಿ ಅಕ್ಕಿ ಶಾವಿಗೆಯ ಬಟ್ಟಲು ಮುಂದಿಟ್ಟುಕೊಂಡು ಕೂತರೂ ದಾಯ್ ಸುಯುನ್ ಟೀಚರಿಗೆ ಒಂದು ತುತ್ತೂ ಎತ್ತಲಾಗಲಿಲ್ಲ. ಹೇಳಬೇಕಾದ ಮಾತೊಂದಿತ್ತು. ಅದು ನಾಲಿಗೆಯ ತುದಿಗೆ ಬರುತ್ತಿತ್ತು, ಅಲ್ಲಿಂದ ವಾಪಸು ಹೋಗುತ್ತಿತ್ತು. ಹೊರಗೆ ದಟ್ಟ ಮಂಜು. ಯುನ್‌ಕೌ ಪೇಟೆಯ ಚಳಿಗೆ ಒಳಗೆ ಹೊರಗೆ ಎಂಬ ಭೇದವಿಲ್ಲ. ಅವಳು ಬಟ್ಟಲಿಗೆ ಎರಡೂ ಕೈ ಸುತ್ತಿ ಕೂತಿದ್ದಳು.

"ಏನ್ ಟೀಚರ್, ಇವತ್ತು ಹುರುಳಿಕಾಯಿ ಉಪ್ಪಿನಕಾಯಿ ಹುಳಿ ಜಾಸ್ತಿ ಆಯ್ತಾ?" ಪಾನ್ ಅಣ್ಣ ಕುದಿಯುವ ಹಂಡೆಯ ಹಬೆಯ ಆಚೆಯಿಂದ ಕೇಳಿದ. "ಮೊಟ್ಟೆ ನೀವು ಕೇಳ್ದೇನೇ ಹಾಕಿದ್ದೀನಿ. ತಿನ್ದೆ ಏಳೋ ಹಾಗಿಲ್ಲ. ನಾಳಿದ್ದು ಸ್ಟೇಜ್ ಮೇಲೆ ನಿಂತು ಗಂಟಲು ಹರ್ಕೋಬೇಕಾದೋರು. ಗೆದ್ರೇನೇ ನಿಮ್ಮ ಕೆಲಸ ಉಳಿಯೋದಂತೆ, ಊರಿಗೆಲ್ಲ ಗೊತ್ತು."

"ತಿಂತೀನಿ ಪಾನ್ ಅಣ್ಣ. ಬಿಸಿ ಇದೆ."

"ನಾನೂ ಅವತ್ತು ಅಂಗಡಿ ಮುಚ್ತೀನಿ. ಗಿರಾಕಿಗಳು ಬೈದ್ರೆ ಬೈಕೊಳ್ಳಲಿ. ಒಳಗೆ ಬಿಡಲ್ವಂತೆ, ಪರವಾಗಿಲ್ಲ, ಕಿಟಕಿ ಹೊರಗಿಂದ ನೋಡ್ತೀನಿ. ಮಗಳಿಗೆ ಬಿಳೀ ಶೂ ತಂದಿದ್ದೀನಿ. ಹಾಕ್ಕೊಳ್ಳೇ ಅಂದ್ರೆ, ಕೊಳೆ ಆಗತ್ತೆ ಅಂತ ಪೆಟ್ಟಿಗೆಯಿಂದ ಆಚೆಗೇ ತೆಗೀತಿಲ್ಲ."

ಮಗಳು ಯಾಲಿನ್ ಪಕ್ಕದ ಮೇಜು ಒರೆಸುತ್ತಿದ್ದಳು. ಹನ್ನೊಂದು ವರ್ಷದ ಹುಡುಗಿ, ಬೆಳಿಗ್ಗೆ ಶಾಲೆಯ ಗಂಟೆ ಹೊಡೆಯುವವರೆಗೆ ಅಪ್ಪನ ಅಂಗಡಿಯಲ್ಲಿ ಬಟ್ಟಲು ಎತ್ತುವುದು, ಚಿಲ್ಲರೆ ಕೊಡುವುದು ಎಲ್ಲ ಅವಳದೇ. ಅಪ್ಪನ ಮಾತಿಗೆ ಅವಳ ಕಿವಿ ಕೆಂಪಾಯಿತು. ಸುಯುನ್ ಮುಖ ಬಗ್ಗಿಸಿ ಮೊಟ್ಟೆಯನ್ನು ಬಾಯಿಗೆ ತುರುಕಿಕೊಂಡಳು. ಅವಳು ಅವತ್ತು ಅಂಗಡಿಗೆ ಬಂದದ್ದು ಒಂದೇ ಕೆಲಸಕ್ಕೆ: ನಾಳಿದ್ದು ಮಗಳನ್ನು ಶಾಲೆಗೆ ಕಳಿಸಬೇಡ, ಹೊಟ್ಟೆನೋವು ಅಂತ ಮನೆಯಲ್ಲೇ ಮಲಗಿಸು ಎಂದು ಪಾನ್ ಅಣ್ಣನಿಗೆ ಹೇಳುವುದಕ್ಕೆ. ಹೇಳಲಾಗಲಿಲ್ಲ. ಬಟ್ಟಲು ಖಾಲಿ ಮಾಡಿ, ಚೀಲ ಹೆಗಲಿಗೇರಿಸಿ ಎದ್ದಳು.

ಪ್ರದರ್ಶನ ಪಾಠ ಎನ್ನುವುದು ಆ ಕಡೆಯ ಮೇಷ್ಟ್ರುಗಳಿಗೆ ಮದುವೆಗಿಂತ ದೊಡ್ಡ ಪರೀಕ್ಷೆ. ಮದುವೆಯಲ್ಲಿ ಎಡವಟ್ಟಾದರೆ ನೆಂಟರು ನಾಲ್ಕು ದಿನ ಆಡಿಕೊಂಡು ಮರೆತುಬಿಡುತ್ತಾರೆ. ಪ್ರದರ್ಶನ ಪಾಠದಲ್ಲಿ ಎಡವಟ್ಟಾದರೆ ಇಡೀ ಜಿಲ್ಲೆಯ ಮೇಷ್ಟ್ರುಗಳು ನಿವೃತ್ತಿಯವರೆಗೂ ಮರೆಯುವುದಿಲ್ಲ. ತನ್ನ ತರಗತಿಯ ಮಕ್ಕಳನ್ನೇ ಸಭಾಂಗಣದ ವೇದಿಕೆಯ ಮೇಲೆ ಕೂರಿಸಿ, ಕೆಳಗೆ ಕೂತ ನೂರಾರು ಮೇಷ್ಟ್ರುಗಳ ಎದುರು, ಮೊದಲನೇ ಸಾಲಿನಲ್ಲಿ ಪೆನ್ನು ಹಿಡಿದ ಪರಿವೀಕ್ಷಕರ ಎದುರು ಒಂದು ಪಾಠ ಮಾಡಬೇಕು. ಎಲ್ಲವೂ ಆಗತಾನೇ ಮನಸ್ಸಿಗೆ ಬಂದಂತೆ ಕಾಣಬೇಕು. ಹಾಗೆ ಕಾಣಿಸಬೇಕಾದರೆ ತಿಂಗಳುಗಟ್ಟಲೆ ಅದನ್ನೇ ಅರೆದು ಅರೆದು ನುಣ್ಣಗೆ ಮಾಡಬೇಕು. ಯಾರು ಯಾವ ಪ್ರಶ್ನೆಗೆ ಏನು ಹೇಳಬೇಕು, ಯಾರು ಎಲ್ಲಿ ನಗಬೇಕು, ಯಾರು ಬೇಕೆಂದೇ ಒಂದು ಸಣ್ಣ ತಪ್ಪು ಮಾಡಿ ಟೀಚರಿಂದ ತಿದ್ದಿಸಿಕೊಳ್ಳಬೇಕು, ಎಲ್ಲ ಮೊದಲೇ ಗೊತ್ತಾಗಿರಬೇಕು.

ಸುಯುನ್ ಗುತ್ತಿಗೆ ಟೀಚರು. ಇಂಗ್ಲಿಷ್ ಕಲಿಸುವವಳು. ಕಾಯಂ ಆಗುವ ಪರೀಕ್ಷೆಗೆ ಕೂತು ಕೂತು ವಯಸ್ಸಿನ ಮಿತಿ ಹತ್ತಿರ ಬಂದಿತ್ತು. ಇದೇ ಕೊನೆಯ ವರ್ಷ. ಈ ಪಾಠಕ್ಕೆ ಮೊದಲ ಸ್ಥಾನ ಬಂದರೆ ಹೆಚ್ಚಿನ ಅಂಕ ಸಿಗುತ್ತದೆ, ಕೆಲಸ ಉಳಿಯುತ್ತದೆ. ಬರದಿದ್ದರೆ ಬೇಸಿಗೆ ರಜೆಯ ನಂತರ ಅವಳ ಮೇಜಿನ ಮುಂದೆ ಬೇರೆ ಯಾರೋ ಕೂರುತ್ತಾರೆ, ಅವಳು ಗುವಾಂಗ್‌ಝೌನ ಯಾವುದೋ ಬಟ್ಟೆ ಕಾರ್ಖಾನೆಯಲ್ಲಿ ತಮ್ಮನ ಹೆಂಡತಿಯ ಪಕ್ಕ ಕೂತು ಗುಂಡಿ ಹೊಲಿಯಬೇಕು.

ಪಾಠಕ್ಕೆ ಆರಿಸಿಕೊಂಡದ್ದು ಒಂದೇ ಒಂದು ಪದ: 'ಪ್ರೌಡ್'. ಆರಿಸಿದವಳು ಅವಳಲ್ಲ, ಇಂಗ್ಲಿಷ್ ವಿಭಾಗದ ಹಿರಿಯ ಟೀಚರ್ ಗೆಂಗ್ ಅಕ್ಕ.

"ಬಣ್ಣ, ಹಣ್ಣು, ಪ್ರಾಣಿ ಎಲ್ಲ ಎಲ್ರೂ ಮಾಡಿ ಸವೆಸಿಟ್ಟಿದ್ದಾರೆ ಕಣೇ. ಗುಣ ಹೇಳೋ ಪದ ತಗೋ. ಅದ್ರಲ್ಲಿ ನಮ್ಮ ಮಕ್ಕಳು ಎಡವೋ ಪದ ತಗೋ. ಪರಿವೀಕ್ಷಕರಿಗೆ ಎಡವೋದು ಕಂಡ್ರೆ ಇಷ್ಟ, ಎಡವಿ ಎದ್ದರೆ ಇನ್ನೂ ಇಷ್ಟ," ಎಂದಿದ್ದಳು ಗೆಂಗ್ ಅಕ್ಕ.

ಅವಳು ಹೇಳಿದ್ದು ನಿಜವೇ. ನನ್ನ ನಿಮ್ಮ ಮಾತಿನಲ್ಲಿ ಹೆಮ್ಮೆ ಬೇರೆ, ಜಂಬ ಬೇರೆ. ಆ ಮಕ್ಕಳ ಭಾಷೆಯಲ್ಲಿ ಎರಡಕ್ಕೂ ಒಂದೇ ಪದ, ಅದನ್ನು ಅವರು ಹುಟ್ಟಿದಾಗಿನಿಂದ ಕೇಳಿರುವುದು ಬೈಗುಳವಾಗಿ. ನೂರಕ್ಕೆ ತೊಂಬತ್ತೆಂಟು ತಂದರೆ ಮನೆಯಲ್ಲಿ ಸಿಗುವ ಮೊದಲ ಮಾತು, ಉಬ್ಬಬೇಡ ಅಂತ. ಹಾಗಾಗಿ 'ಐ ಆಮ್ ಪ್ರೌಡ್' ಎನ್ನಿ ಅಂದರೆ ಇಡೀ ತರಗತಿ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿತ್ತು. ಸುಯುನ್ ಕಷ್ಟಪಟ್ಟು ಹಂತ ಹಂತವಾಗಿ ಬಿಡಿಸಿ ಹೇಳಿದ್ದಳು. ಈ ಪದದ ಬೆನ್ನಿಗೆ ಯಾರ ಹೆಸರೂ ಇಲ್ಲದೆ ಒಬ್ಬನೇ ಮೂಗು ಮೇಲೆತ್ತಿ ನಿಂತರೆ ಅದು ಜಂಬ. ಇಂಥವರ ಬಗ್ಗೆ, ಇಂಥ ಕೆಲಸದ ಬಗ್ಗೆ ಅಂತ ಜೊತೆಗೆ ಬಂದರೆ ಅದು ಒಳ್ಳೆಯದು, ಹಾಗಂದರೆ ಯಾರೂ ಬೈಯುವುದಿಲ್ಲ. ಅವಳು ಸ್ವಂತವಾಗಿ ಯೋಚಿಸಿ ಮಾಡಿದ ಈ ಭಾಗ ಮಾತ್ರ ಪಾಠದಲ್ಲಿ ನಿಜವಾಗಿ ಚೆನ್ನಾಗಿತ್ತು. ಉಳಿದದ್ದೆಲ್ಲ ಗೆಂಗ್ ಅಕ್ಕನ ಒಗ್ಗರಣೆ.

ಒಗ್ಗರಣೆಯಲ್ಲಿ ಮುಖ್ಯವಾದದ್ದು ಕೈ ಎತ್ತುವ ವಿಷಯ. ಟೀಚರ್ ಏನು ಕೇಳಿದರೂ ಇಡೀ ತರಗತಿ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಕೆಳಗೆ ಕೂತವರಿಗೆ ಕಾಣುವುದು ಕೈಗಳ ಕಾಡು. ಟೀಚರ್ ಮಾತ್ರ ಬಲಗೈಯವರನ್ನೇ ಹೆಕ್ಕಿ ಎಬ್ಬಿಸುತ್ತಾಳೆ. ಗೆಂಗ್ ಅಕ್ಕ ಇದನ್ನು ತನ್ನದೇ ಸಂಶೋಧನೆ ಎನ್ನುವಂತೆ ಹೇಳಿದಳು. ಸುಯುನ್ ತಾನು ಚಿಕ್ಕವಳಿದ್ದಾಗಲೂ ಹೀಗೇ ಎಡಗೈ ಎತ್ತಿದ್ದಳು, ಆದರೆ ಬಾಯಿ ಬಿಡಲಿಲ್ಲ.

ಯಾಲಿನ್ ಯಾವಾಗಲೂ ಎಡಗೈ. ಹುಡುಗಿ ದಡ್ಡಿಯಲ್ಲ, ಬೆಳಿಗ್ಗೆ ಅಂಗಡಿ, ಸಂಜೆ ಅಂಗಡಿ, ಓದುವುದಕ್ಕೆ ಹೊತ್ತೆಲ್ಲಿ? ಅಂಕಗಳಲ್ಲಿ ತರಗತಿಯ ತಳದಲ್ಲೇ ಇರುತ್ತಿದ್ದಳು. ಅದಕ್ಕಿಂತ ಕಷ್ಟದ್ದೆಂದರೆ ಅವಳು ಹೇಳಿಕೊಟ್ಟದ್ದನ್ನು ಸುಮ್ಮನೆ ಒಪ್ಪುವವಳಲ್ಲ. ಮೂರನೇ ತಾಲೀಮಿನಲ್ಲಿ ಎದ್ದು ನಿಂತು ಕೇಳಿಯೇಬಿಟ್ಟಿದ್ದಳು: "ಟೀಚರ್, ಅಪ್ಪನ ಬಗ್ಗೆ ನಾನು ಹಾಗೆ ಅಂದ್ರೆ, ಒಳ್ಳೆಯೋರು ಅಪ್ಪ ತಾನೇ? ಮತ್ತೆ ನಾನ್ಯಾಕೆ ಉಬ್ಬೋದು?"

ಮಕ್ಕಳು ಗೊಳ್ಳೆಂದು ನಕ್ಕವು. ಸುಯುನ್‌ಗೆ ಆ ಪ್ರಶ್ನೆ ಬಹಳ ಹಿಡಿಸಿತ್ತು. ಆದರೆ ಹಿಂದಿನ ಬೆಂಚಿನಲ್ಲಿ ಗಡಿಯಾರ ಹಿಡಿದು ಕೂತಿದ್ದ ಗೆಂಗ್ ಅಕ್ಕನಿಗೆ ಹಿಡಿಸಲಿಲ್ಲ.

"ಈ ಹುಡುಗಿಗೆ ಅವತ್ತು ಹೊಟ್ಟೆನೋವು ಬರಲಿ, ಅವರಪ್ಪನಿಗೆ ನೀನೇ ಹೇಳು," ಎಂದಳು ಮಕ್ಕಳು ಹೋದ ಮೇಲೆ.

"ಅಕ್ಕ, ಅವಳ ಪಾಡಿಗೆ ಅವಳು ಎಡಗೈ ಎತ್ಕೊಂಡು ಕೂತಿರ್ತಾಳೆ. ನಾನು ಎಬ್ಬಿಸೋದೇ ಇಲ್ಲವಲ್ಲ."

"ನೀನು ಎಬ್ಬಿಸಲ್ಲ, ಅವಳೇ ಎದ್ದರೆ? ಇನ್ನೊಂದು ಹೀಗೇ ಕೇಳಿದ್ರೆ? ಒಂದು ನಿಮಿಷ ಹೋಯ್ತು ಅಂದ್ರೆ ಕೊನೆಯ ಹಾಡು ಹೋಯ್ತು. ಕೆಲಸ ಬೇಕಾ, ಬೇಡ್ವಾ?"

ಸುಯುನ್ ಪುಸ್ತಕಗಳನ್ನು ಜೋಡಿಸುತ್ತ ನಿಂತಳು.

"ಸರಿ, ಅವರಪ್ಪನಿಗೆ ಹೇಳೋಕೆ ನಿನಗೆ ಧೈರ್ಯ ಇಲ್ಲ ಅಂದ್ರೆ ಬಿಡು," ಗೆಂಗ್ ಅಕ್ಕನ ದನಿ ಮೆತ್ತಗಾಯಿತು. ಕೆಟ್ಟವಳಲ್ಲ ಅವಳು, ಸುಯುನ್ ಗೆಲ್ಲಲಿ ಅಂತಲೇ ಇಷ್ಟೆಲ್ಲ ಒದ್ದಾಟ. "ಏನಾದ್ರೂ ಎಡವಟ್ಟಾದ್ರೆ ಒಂದೇ ಮಾತು ಹೇಳು. ಅವಳು ಅಂಕಕ್ಕೆ ಸೇರದ ಮಗು ಅಂತ. ಯಾರೂ ಮುಂದೆ ಕೇಳಲ್ಲ."

ಅಂಕಕ್ಕೆ ಸೇರದ ಮಗು ಅಂದರೆ ಆ ಊರಿನ ಮೇಷ್ಟ್ರುಗಳಿಗೆಲ್ಲ ಅರ್ಥವಾಗುತ್ತದೆ. ಬುದ್ಧಿ ಬೆಳೆಯದ ಮಗು ಅಂತ ಆಸ್ಪತ್ರೆಯವರು ಹೇಳಿದರೆ, ಆ ಮಗುವಿನ ಅಂಕ ತರಗತಿಯ ಸರಾಸರಿಗೆ ಸೇರುವುದಿಲ್ಲ. ಮೇಷ್ಟ್ರಿಗೂ ಕೆಟ್ಟ ಹೆಸರಿಲ್ಲ. ಎಂಥೆಂಥ ಚುರುಕು ಮಕ್ಕಳನ್ನೂ ಬರೀ ಓದಿನಲ್ಲಿ ಹಿಂದಿವೆ ಎಂದು ಆಸ್ಪತ್ರೆಗೆ ಎಳೆದುಕೊಂಡು ಹೋದವರಿದ್ದರು. ಸುಯುನ್‌ಗೆ ಅಂಥವರನ್ನು ಕಂಡರೆ ಹೇಸಿಗೆ. "ಛೆ, ಅಂಥ ಮಾತಾಡ್ಬೇಡಿ ಅಕ್ಕ," ಎಂದಿದ್ದಳು ಮನಸಾರೆ.

ಆ ದಿನ ಬಂದೇ ಬಂತು. ಯಾಲಿನ್ ಬಿಳೀ ಶೂ ಹಾಕಿಕೊಂಡು ಬಂದಳು, ಮಣ್ಣು ತಾಗಬಾರದೆಂದು ಹೊಂಡ ಹೊಂಡ ದಾಟಿಕೊಂಡು. ವೇದಿಕೆಗೆ ಹತ್ತುವ ಮೊದಲು ಸುಯುನ್ ಅವಳನ್ನು ಪರದೆಯ ಪಕ್ಕಕ್ಕೆ ಕರೆದಳು.

"ಯಾಲಿನ್, ಇವತ್ತು ಏನೇ ಆಗಲಿ, ನೀನು ಎಡಗೈ ಮೇಲಿಟ್ಟಿರ್ಬೇಕು. ಇಳಿಸ್ಬೇಡ. ಬಾಯಿ ಬಿಡ್ಬೇಡ. ತಿಳೀತಾ?"

"ತಿಳೀತು ಟೀಚರ್."

"ನನ್ನ ಮೇಲೆ ಸಿಟ್ಟಾ?"

"ಇಲ್ಲ ಟೀಚರ್. ನಿಮ್ ಕೈ ನಡುಗ್ತಾ ಇದೆ," ಎಂದಳು ಹುಡುಗಿ.

ಸಭಾಂಗಣ ತುಂಬಿತ್ತು. ಎಲ್ಲರೂ ದಪ್ಪ ಕೋಟುಗಳಲ್ಲಿ, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು. ಮೊದಲ ಸಾಲಿನ ಮಧ್ಯೆ ಪರಿವೀಕ್ಷಕಿ ತಿಯಾನ್ ಮೇಡಂ, ಬೆಳ್ಳಿ ಕೂದಲಿನ ಸಣ್ಣ ಹೆಂಗಸು. ಪಕ್ಕದ ಕಿಟಕಿಗಳ ಗಾಜು ಮುಚ್ಚಿತ್ತು. ಅದರಾಚೆ ಅಪ್ಪ ಅಮ್ಮಂದಿರ ಮುಖಗಳು, ಅವರಲ್ಲಿ ಪಾನ್ ಅಣ್ಣನ ದುಂಡು ಮುಖ. ಉಸಿರಿನ ಹಬೆ ಗಾಜಿಗೆ ಕೂತಾಗಲೆಲ್ಲ ತೋಳಿನಿಂದ ಒರೆಸುತ್ತಿದ್ದ.

ಪಾಠ ಶುರುವಾಯಿತು. ಮೊದಲ ಐದು ನಿಮಿಷ ಸುಯುನ್‌ಗೆ ತನ್ನ ದನಿ ತನಗೇ ಕೇಳಿಸಲಿಲ್ಲ. ಆಮೇಲೆ ಚಕ್ರ ಉರುಳಿತು. ಮಕ್ಕಳು ನಗಬೇಕಾದಲ್ಲಿ ನಕ್ಕವು. ತಪ್ಪು ಮಾಡಬೇಕಾದ ಹುಡುಗ ಚೆನ್ನಾಗಿ ತಪ್ಪು ಮಾಡಿದ. ಜಂಬವನ್ನೂ ಹೆಮ್ಮೆಯನ್ನೂ ಬೇರೆ ಮಾಡಿ ತೋರಿಸುವಾಗ ಕೆಳಗಿನಿಂದ "ಹೂಂ" ಎಂಬ ಮೆಚ್ಚುಗೆ ಬಂತು. ಪ್ರತಿ ಪ್ರಶ್ನೆಗೂ ಕೈಗಳ ಕಾಡು ಎದ್ದಿತು. ಒಬ್ಬಳಿಗೆ ದೇಶದ ಬಗ್ಗೆ ಹೆಮ್ಮೆ, ಒಬ್ಬನಿಗೆ ಶಾಲೆಯ ಬಗ್ಗೆ, ಇನ್ನೊಬ್ಬಳಿಗೆ ದಾಯ್ ಟೀಚರ ಬಗ್ಗೆ. ಮೂಲೆಯಲ್ಲಿ ನಿಂತ ಗೆಂಗ್ ಅಕ್ಕ ಗಡಿಯಾರ ನೋಡಿ ತಲೆಯಾಡಿಸಿದಳು. ಇನ್ನು ಹಾಡೊಂದು ಬಾಕಿ. ಸುಯುನ್‌ಗೆ ಮೊದಲ ಬಾರಿ ಸರಾಗವಾಗಿ ಉಸಿರು ಬಂತು.

"ಯಾರ ಬಗ್ಗೆ ಹೆಮ್ಮೆ? ಇನ್ಯಾರು ಹೇಳ್ತೀರಿ?" ಎಂದು ಕೊನೆಯ ಪ್ರಶ್ನೆ ಕೇಳಿದಳು. ಕಾಡು ಎದ್ದಿತು.

ಆಗ ತಿಯಾನ್ ಮೇಡಂ ಎದ್ದು ನಿಂತಳು.

"ದಾಯ್ ಟೀಚರ್, ಪಾಠ ತಡೆದೆ, ಕ್ಷಮಿಸಿ. ಚೆನ್ನಾಗಿದೆ. ಈ ಸಲ ಎಡಗೈ ಎತ್ತಿರೋರಲ್ಲಿ ಒಬ್ಬರನ್ನ ಕೇಳ್ತೀರಾ?"

ಸಭಾಂಗಣದಲ್ಲಿ ಸಣ್ಣಗೆ ನಗೆಯೆದ್ದು ಅಲ್ಲೇ ಅಡಗಿತು. ಅಲ್ಲಿ ಕೂತ ಪ್ರತಿಯೊಬ್ಬ ಮೇಷ್ಟ್ರಿಗೂ ಆ ಎಡಗೈಯ ಗುಟ್ಟು ಗೊತ್ತಿತ್ತು, ಆದರೆ ಹೀಗೆ ಬಾಯಿಬಿಟ್ಟು ಹೇಳಿದವರಿರಲಿಲ್ಲ. ವೇದಿಕೆಯ ಮೇಲೆ ಮಕ್ಕಳು ಗಾಬರಿಬಿದ್ದು ಎಡಗೈಗಳನ್ನು ಸರಸರ ಇಳಿಸಿದವು. ಒಂದಿಬ್ಬರು ಬಲಗೈಗೆ ಬದಲಾಯಿಸಿಕೊಂಡರು. ಒಂದು ಎಡಗೈ ಮಾತ್ರ ಇಳಿಯಲಿಲ್ಲ. ಟೀಚರ್ ಇಳಿಸಬೇಡ ಎಂದಿದ್ದರಲ್ಲ, ಯಾಲಿನ್ ಇಳಿಸಲಿಲ್ಲ.

ಸುಯುನ್‌ಗೆ ಬೇರೆ ದಾರಿಯಿರಲಿಲ್ಲ.

"ಯಾಲಿನ್," ಎಂದಳು.

ಹುಡುಗಿ ಎದ್ದು ನಿಂತಳು. ಬಾಯಿ ಬಿಡಬೇಡ ಎಂದದ್ದೂ ಇದೇ ಟೀಚರ್, ಈಗ ಎಬ್ಬಿಸಿದ್ದೂ ಇದೇ ಟೀಚರ್. ಏನು ಮಾಡಲಿ ಎಂದು ಟೀಚರ ಮುಖವನ್ನೇ ನೋಡಿದಳು. ಇಡೀ ಸಭಾಂಗಣ ಅವಳನ್ನು ನೋಡಿತು. ಕಿಟಕಿಯ ಆಚೆ ಪಾನ್ ಅಣ್ಣ ಎರಡೂ ಅಂಗೈಗಳನ್ನು ಗಾಜಿಗೆ ಒತ್ತಿ ನಿಂತಿದ್ದ.

ಮಾತಾಡು ಎಂದು ಒಂದು ಸನ್ನೆ ಮಾಡಿದ್ದರೆ ಸಾಕಿತ್ತು. ಒಂದು ವಾಕ್ಯ ಒಟ್ಟಿಗೆ ಸೇರಿ ಕಟ್ಟಬಹುದಿತ್ತು, ಹತ್ತು ಪದಗಳ ಕೆಲಸ. ಆದರೆ ಸುಯುನ್‌ಳ ಕಣ್ಣಿಗೆ ಆಗ ಕಂಡದ್ದು ಗುವಾಂಗ್‌ಝೌನ ಕಾರ್ಖಾನೆ, ಸಾಲು ಸಾಲು ಹೊಲಿಗೆ ಮೆಷಿನ್ನು. ಹೆದರಿಕೆ ಮನುಷ್ಯನ ಬಾಯಿಂದ ಏನು ಬೇಕಾದರೂ ಹೇಳಿಸುತ್ತದೆ. ಅವಳು ವೇದಿಕೆಯ ಅಂಚಿಗೆ ಬಂದು, ಮಕ್ಕಳಿಗೆ ಕೇಳಿಸದಷ್ಟು ಮೆಲ್ಲಗೆ ಹೇಳುತ್ತಿದ್ದೇನೆ ಅಂದುಕೊಂಡು, ಆದರೆ ಕೊರಳಲ್ಲಿ ಮೈಕು ತೂಗಾಡುತ್ತಿದ್ದದ್ದನ್ನು ಮರೆತು, ಹೇಳಿಬಿಟ್ಟಳು:

"ಮೇಡಂ, ಆ ಮಗು ಅಂಕಕ್ಕೆ ಸೇರಲ್ಲ."

ಇಡೀ ಸಭಾಂಗಣಕ್ಕೆ ಕೇಳಿಸಿತು. ತಿಯಾನ್ ಮೇಡಂ ಮುಖ ಬದಲಾಯಿತು. "ಓ," ಎಂದಳು. "ಕೂತ್ಕೋ ಮಗೂ, ಕೂತ್ಕೋ." ಯಾಲಿನ್ ಕೂತಳು. ಎಡಗೈಯನ್ನು ಈಗಲೂ ಇಳಿಸಿರಲಿಲ್ಲ. ಪಕ್ಕದ ಹುಡುಗಿ ಹಿಡಿದು ಇಳಿಸಿದಳು. ಹಾಡು ಶುರುವಾಯಿತು. ಸುಯುನ್ ಚಪ್ಪಾಳೆ ತಟ್ಟುತ್ತ ನಗುಮುಖದಲ್ಲಿ ಹಾಡಿದಳು. ಒಳಗೊಳಗೇ ತನ್ನ ಮೇಲೆ ತಾನೇ ಉಗಿದುಕೊಳ್ಳುತ್ತಿದ್ದಳು.

ಮೊದಲ ಸ್ಥಾನ ಅವಳಿಗೇ ಬಂತು. ತಿಯಾನ್ ಮೇಡಂ ಮೈಕಿನಲ್ಲಿ ಕಾರಣವನ್ನೂ ಹೇಳಿದಳು. ಪಾಠ ಚೆನ್ನಾಗಿತ್ತು, ಅದಿರಲಿ. ಇಂಥ ದಿನ ಇಂಥ ಮಕ್ಕಳನ್ನು ಮನೆಯಲ್ಲಿ ಬಚ್ಚಿಡುವುದನ್ನು ತಾನು ಎಲ್ಲ ಶಾಲೆಗಳಲ್ಲೂ ಕಂಡಿದ್ದೇನೆ. ದಾಯ್ ಟೀಚರ್ ಮಾತ್ರ ಆ ಮಗುವನ್ನು ಎಲ್ಲರ ಜೊತೆ ವೇದಿಕೆಯ ಮೇಲೆ ಕೂರಿಸಿದರು, ಕೈ ಎತ್ತಲು ಕಲಿಸಿದರು. ಕಲಿಸುವುದು ಅಂದರೆ ಇದು, ಎಂದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೆಡ್ಮಾಸ್ಟರು ಕಣ್ಣೊರೆಸಿಕೊಂಡರು. ಗೆಂಗ್ ಅಕ್ಕ ಬಂದು ಸುಯುನ್‌ಳ ಬೆನ್ನು ತಟ್ಟಿ, "ಗೆದ್ದೆ ಕಣೇ!" ಎಂದು ಕಿವಿಯಲ್ಲಿ ಅಂದಳು. ಸುಯುನ್ ಕೊರಳಿನ ಮೈಕನ್ನು ತೆಗೆದಿಟ್ಟಳು.

ಅಷ್ಟಕ್ಕೇ ಮುಗಿದಿದ್ದರೆ ಅವಳು ಸುಮ್ಮನಿದ್ದುಬಿಡುತ್ತಿದ್ದಳೋ ಏನೋ. ನನಗೇನೋ ಸುಮ್ಮನಿದ್ದುಬಿಡುತ್ತಿದ್ದಳು ಅನ್ನಿಸುತ್ತದೆ. ಮನುಷ್ಯರು ಇದಕ್ಕಿಂತ ದೊಡ್ಡದನ್ನೇ ನುಂಗಿ ನೀರು ಕುಡಿದಿದ್ದಾರೆ. ಆದರೆ ತಿಯಾನ್ ಮೇಡಂ ಒಳ್ಳೆಯವಳು, ತೊಂದರೆಯಾದದ್ದೇ ಅಲ್ಲಿ.

"ನಗರದಲ್ಲಿ ಇಂಥ ಮಕ್ಕಳಿಗೇ ಒಂದು ವಸತಿ ಶಾಲೆ ಇದೆ," ಎಂದಳು ಮೆಟ್ಟಿಲಿಳಿಯುತ್ತ. ಎರಡು ಮೆಟ್ಟಿಲು ಹಿಂದೆಯೇ ಯಾಲಿನ್ ಶೂ ನೋಡಿಕೊಂಡು ಇಳಿಯುತ್ತಿದ್ದಳು. "ಸೀಟು ಸಿಗೋದು ಕಷ್ಟ, ಆದ್ರೆ ಅಲ್ಲಿಯ ಮುಖ್ಯಸ್ಥರು ನನಗೆ ಗೊತ್ತು. ಅವಳ ಅಪ್ಪ ಅಮ್ಮನ ಜೊತೆ ನಾನೇ ಮಾತಾಡ್ತೀನಿ. ಹೊಸ ವರ್ಷದ ಒಳಗೆ ಸೇರಿಸಿಬಿಡೋಣ."

"ಅಮ್ಮ ಇಲ್ಲ ಮೇಡಂ. ಅಪ್ಪ ಒಬ್ಬನೇ. ಅವಸರ ಏನಿಲ್ಲ ಬಿಡಿ, ನಾನೇ ನಿಧಾನಕ್ಕೆ..." ಎಂದಳು ಸುಯುನ್.

ಅಷ್ಟರಲ್ಲಿ ಪಾನ್ ಅಣ್ಣ ಗುಂಪನ್ನು ಸೀಳಿಕೊಂಡು ಬಂದ. ಗಾಜಿನಾಚೆ ಅವನಿಗೆ ಒಂದು ಮಾತೂ ಕೇಳಿಸಿರಲಿಲ್ಲ. ಅವನು ನೋಡಿದ್ದು ಇಷ್ಟು: ದೊಡ್ಡ ಮೇಡಂ ಎದ್ದು ನಿಂತರು, ಇಷ್ಟು ಮಕ್ಕಳಲ್ಲಿ ತನ್ನ ಮಗಳನ್ನೇ ಎಬ್ಬಿಸಿದರು, ಎಲ್ಲರೂ ಅವಳನ್ನು ನೋಡಿದರು, ಆಮೇಲೆ ಎಲ್ಲರೂ ಎದ್ದು ದಾಯ್ ಟೀಚರಿಗೆ ಚಪ್ಪಾಳೆ ತಟ್ಟಿದರು.

"ಟೀಚರ್! ನನ್ನ ಮಗಳನ್ನೇ ಎಬ್ಬಿಸಿದ್ರಲ್ಲ!" ಅವನ ಕಣ್ಣು ತುಂಬಿತ್ತು. "ಅವಳ ಮುಂದೆ ಹೇಳಲ್ಲ, ತಲೆಗೇರತ್ತೆ. ದೊಡ್ಡ ಮೇಡಂ, ನೀವೂ ಬರ್ಬೇಕು. ಗೇಟಿನ ಎದುರಿಗೇ ನನ್ನ ಅಂಗಡಿ. ಒಂದು ಬಟ್ಟಲು ಶಾವಿಗೆ ತಿಂದೇ ಹೋಗ್ಬೇಕು. ಇಲ್ಲ ಅಂದ್ರೆ ನಾನು ಬಿಡಲ್ಲ."

"ನೀವೇ ಅವಳ ಅಪ್ಪನಾ? ಒಳ್ಳೇದೇ ಆಯ್ತು, ಬನ್ನಿ," ಎಂದಳು ತಿಯಾನ್ ಮೇಡಂ.

ಸುಯುನ್ ಅವರ ಹಿಂದೆ ನಡೆದಳು. ಗೇಟು ದಾಟುವಷ್ಟರಲ್ಲಿ ಹತ್ತು ಸಲ ಬಾಯಿ ತೆರೆದಳು, ಹತ್ತು ಸಲ ಮುಚ್ಚಿದಳು. ಈಗ ಹೇಳಿದರೆ ಬರೀ ಕೆಲಸ ಹೋಗುವುದಲ್ಲ, ತುಂಬಿದ ಸಭೆಯಲ್ಲಿ ಮಗುವಿನ ಮೇಲೆ ಸುಳ್ಳು ಹೇಳಿ ಚಪ್ಪಾಳೆ ಗಿಟ್ಟಿಸಿದವಳು ಎಂದು ಜಿಲ್ಲೆಯಿಡೀ ಉಗಿಯುತ್ತದೆ. ಹೇಳದಿದ್ದರೆ ಆ ಹುಡುಗಿ ಹೊಸ ವರ್ಷದ ಹೊತ್ತಿಗೆ ಹಾಸಿಗೆ ಕಟ್ಟಿಕೊಂಡು ನಗರಕ್ಕೆ ಹೋಗುತ್ತಾಳೆ.

ಅಂಗಡಿಯಲ್ಲಿ ಪಾನ್ ಅಣ್ಣ ಒಲೆ ಹೊತ್ತಿಸಿದ. ಯಾಲಿನ್ ಬಿಳೀ ಶೂ ಬಿಚ್ಚಿ ಕಪಾಟಿನ ಮೇಲಿಟ್ಟು, ಹಳೇ ಚಪ್ಪಲಿ ಮೆಟ್ಟಿ, ಮೇಜು ಒರೆಸಿ, ಚಾಪ್‌ಸ್ಟಿಕ್‌ಗಳನ್ನು ತಂದಿಟ್ಟಳು. ತಿಯಾನ್ ಮೇಡಂ ಅವಳ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. ಚಿಕ್ಕ ಕೂಸುಗಳ ಜೊತೆ ಆಡುವಂತೆ ಒಂದೊಂದೇ ಪದವನ್ನು ಬಿಡಿಸಿ ಬಿಡಿಸಿ ಕೇಳಿದಳು:

"ಮಗೂ, ನಿನ್ನ ಹೆಸರೇನು?"

ಯಾಲಿನ್ ತಲೆಯೆತ್ತಿ ಸುಯುನ್‌ಳನ್ನು ನೋಡಿದಳು. ಟೀಚರ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಹುಡುಗಿ ಒಂದು ಕ್ಷಣ ಯೋಚಿಸಿದಳು. ಆಮೇಲೆ ಬಾಯಿಯನ್ನು ಸ್ವಲ್ಪ ತೆರೆದು, ಕಣ್ಣನ್ನು ಮೇಜಿನ ಮೇಲೆ ನೆಟ್ಟು ಸುಮ್ಮನೆ ಕೂತಳು.

"ಹೆಸರು ಹೇಳೇ," ಎಂದ ಪಾನ್ ಅಣ್ಣ ಹಂಡೆಯ ಕಡೆಯಿಂದ, ನಗುತ್ತ. "ನೋಡಿ ಮೇಡಂ, ನಾಚಿಕೆ."

"ಇರ್ಲಿ, ಇರ್ಲಿ. ಮಗೂ, ಇಲ್ಲಿ ಐದು ಕಡ್ಡಿ ಇದೆ. ಇನ್ನು ಮೂರು ಇಡ್ತೀನಿ. ಈಗ ಎಷ್ಟಾಯ್ತು?"

ಯಾಲಿನ್ ಚಾಪ್‌ಸ್ಟಿಕ್‌ಗಳನ್ನು ನೋಡಿದಳು. "ಗೊತ್ತಿಲ್ಲ," ಎಂದಳು. ಮಾತನ್ನು ಬೇಕೆಂದೇ ಎಳೆದಳು.

ತಿಯಾನ್ ಮೇಡಂ ಅವಳ ತಲೆ ಸವರಿದಳು. ಪಾನ್ ಅಣ್ಣನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ಏನೇ ಇದು?" ಎಂದ. "ಬೆಳಿಗ್ಗೆಯೆಲ್ಲ ಗಿರಾಕಿಗಳಿಗೆ ಚಿಲ್ಲರೆ ಎಣಿಸಿ ಕೊಡೋಳು ನೀನು! ನಾನು ತಪ್ಪಿದ್ರೆ ನನ್ನನ್ನೇ ತಿದ್ದೋಳು! ಏನಾಯ್ತೇ ನಿನಗೆ? ಮೇಡಂ, ಇವಳು ಹೀಗಲ್ಲ. ಟೀಚರ್, ನೀವಾದ್ರೂ ಹೇಳಿ. ಜ್ವರ ಏನಾದ್ರೂ ಬಂತಾ?" ಅವನು ಓಡಿ ಬಂದು ಮಗಳ ಹಣೆ ಮುಟ್ಟಿ ನೋಡಿದ. ಅವನ ಕೈ ಹಿಟ್ಟು ಹಿಟ್ಟಾಗಿತ್ತು, ಅವಳ ಹಣೆಗೂ ಹಿಟ್ಟು ಅಂಟಿತು.

"ನೀವು ಗಾಬರಿ ಆಗ್ಬೇಡಿ," ತಿಯಾನ್ ಮೇಡಂ ಮೆಲ್ಲಗೆ ಶುರು ಮಾಡಿದಳು. "ಇದನ್ನ ಒಪ್ಕೊಳ್ಳೋದು ಹೆತ್ತವರಿಗೆ ಕಷ್ಟ, ನನಗೆ ಗೊತ್ತು..."

ಯಾಲಿನ್ ಅಪ್ಪನ ತೋಳಿನ ಸಂದಿಯಿಂದ ಸುಯುನ್‌ಳ ಕಡೆ ನೋಡಿದಳು. ಸರಿಯಾಗಿ ಮಾಡಿದೆನಾ ಎಂದು ಕಣ್ಣಲ್ಲೇ ಕೇಳಿದಳು. ತಾಲೀಮಿನಲ್ಲಿ ಪ್ರತಿ ಮಗುವೂ ತನ್ನ ಪಾಲಿನ ಸಾಲು ಹೇಳಿ ಕೂತ ಮೇಲೆ ನೋಡುತ್ತಿದ್ದ ನೋಟ ಅದು. ಇಷ್ಟು ತಿಂಗಳ ತಾಲೀಮಿನಲ್ಲಿ ಯಾಲಿನ್‌ಗೆ ಒಂದು ಸಾಲೂ ಕೊಟ್ಟಿರಲಿಲ್ಲ. ಈಗ ಸಿಕ್ಕ ಪಾತ್ರವನ್ನು ಅವಳು ಅಪ್ಪನ ಎದುರಿಗೇ, ಯಾರೂ ಹೇಳಿಕೊಡದೆ, ಒಂದು ತಪ್ಪೂ ಇಲ್ಲದೆ ಮಾಡಿ ಮುಗಿಸಿದ್ದಳು.

ಸುಯುನ್ ತಡೆಯಲಾರದೆ ಎದ್ದು ನಿಂತಳು. ಸ್ಟೂಲು ಹಿಂದಕ್ಕೆ ಬಿತ್ತು.

"ಮೇಡಂ, ಅವಳಿಗೆ ಏನೂ ಆಗಿಲ್ಲ," ಎಂದಳು. "ಅವಳು ಚುರುಕು ಹುಡುಗಿ. ನಾನು ಸುಳ್ಳು ಹೇಳಿದೆ. ಅಂಕಕ್ಕೆ ಸೇರಲ್ಲ ಅಂದದ್ದು ಸುಳ್ಳು. ಆಸ್ಪತ್ರೆಗೆ ಯಾರೂ ಕರ್ಕೊಂಡು ಹೋಗಿಲ್ಲ. ಬಾಯಿ ಬಿಡ್ಬೇಡ ಅಂತ ಅವಳಿಗೆ ಹೇಳಿದ್ದೂ ನಾನೇ. ಪಾಠ ಕೆಡತ್ತೆ ಅಂತ ಹೆದರಿ ಹಾಗಂದೆ. ಪಾನ್ ಅಣ್ಣ, ನಿಮ್ಮ ಮಗಳಿಗೆ ಬುದ್ಧಿ ಇಲ್ಲ ಅಂತ ಅಷ್ಟು ಜನರ ಮುಂದೆ ನಾನು ಹೇಳ್ಬಿಟ್ಟೆ."

ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ತಿಯಾನ್ ಮೇಡಂ ಕೈಯಲ್ಲಿದ್ದ ಚಾಪ್‌ಸ್ಟಿಕ್‌ಗಳನ್ನು ಮೇಜಿನ ಮೇಲಿಟ್ಟಳು. ಪಾನ್ ಅಣ್ಣ ಮಗಳ ಭುಜ ಹಿಡಿದುಕೊಂಡ. ಅವನ ಮುಖದಲ್ಲಿ ಬೆಳಗಿನಿಂದ ಇದ್ದ ಸಂತೋಷ ಸುಯುನ್‌ಳ ಕಣ್ಣೆದುರಿಗೇ ಇಳಿದು ಹೋಯಿತು. ಬೈಯಲಿ, ಸೌಟಿನಲ್ಲಿ ಹೊಡೆಯಲಿ ಎಂದು ಅವಳು ಕಾದಳು.

ಮೊದಲು ಅತ್ತವಳು ಯಾಲಿನ್. ಅಪ್ಪನ ಕೈ ಕೊಡವಿಕೊಂಡು ಮೇಜಿನ ಸುತ್ತ ಓಡಿ ಬಂದು ಸುಯುನ್‌ಳ ಕೋಟನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದಳು.

"ಯಾಕೆ ಹೇಳಿದ್ರಿ ಟೀಚರ್? ಯಾಕೆ ಹೇಳಿದ್ರಿ? ನಾನು ಹೋಗ್ತಿದ್ದೆ, ಆ ಶಾಲೆಗೆ ಹೋಗ್ತಿದ್ದೆ, ನನಗೇನೂ ಆಗ್ತಿರ್ಲಿಲ್ಲ!" ಬಿಕ್ಕುತ್ತಲೇ ಕೂಗಿದಳು. "ಈಗ ನಿಮ್ಮನ್ನ ಕೆಲಸದಿಂದ ಕಳಿಸಿಬಿಡ್ತಾರಲ್ಲ!"